ಮುಟ್ಟಿದ ಕಾಲಾಳು

ಕಡೂರಿನ ಆ ಚೆಸ್ ಕ್ಲಬ್ಬಿನಲ್ಲಿ ನಿಯಮ ಎರಡು ಥರ. ತನ್ನ ಕಾಯಿ ಮುಟ್ಟಿದರೆ ಆಡಲೇಬೇಕು, ಎದುರಾಳಿಯದನ್ನು ಮುಟ್ಟಿದರೆ ಹೊಡೆಯಲೇಬೇಕು ಎನ್ನುವುದು ಊರಿಗೆಲ್ಲ. ಮುಟ್ಟಿ, ಎತ್ತಿ, ಯೋಚಿಸಿ, "ಸರಿ ಇಟ್ಟೆ ಅಷ್ಟೆ" ಎಂದು ಕೈ ಹಿಂದೆಳೆಯುವುದು ರುದ್ರಮೂರ್ತಿಯವರಿಗೆ ಮಾತ್ರ. ಕ್ಲಬ್ಬಿರುವುದು ಅವರ ಕೊಬ್ಬರಿ ಮಂಡಿಯ ಮಹಡಿಯಲ್ಲಿ. ಬೋರ್ಡು, ಗಡಿಯಾರ, ನಾಲ್ಕು ಗಂಟೆಯ ಟೀ, ಎಲ್ಲವೂ ಅವರದೇ. ಉಪ್ಪು ತಿಂದವರು ಬಾಯಿ ಬಿಡುತ್ತಾರೆಯೇ?

ಈ ಭಾನುವಾರ ಫೈನಲ್. ಗೆದ್ದವರಿಗೆ ಜಿಲ್ಲಾ ತಂಡದಲ್ಲಿ ಕ್ಲಬ್ಬಿಗಿರುವ ಒಂದೇ ಜಾಗ. ರುದ್ರಮೂರ್ತಿಯವರೆದುರು ಕೂತವಳು ಅಜ್ಜಂಪುರದಲ್ಲಿ ರವಿಕೆ ಹೊಲಿಯುವ ಕೋಮಲಾ. ಹೋದ ವರ್ಷ ಇದೇ ಫೈನಲಿನಲ್ಲಿ ಅವಳ ಬೆರಳು ಕುದುರೆಗೆ ತಗುಲಿತ್ತು. "ನಿಯಮ ನಿಯಮಾನೇ ಕಣಮ್ಮ" ಎಂದು ರುದ್ರಮೂರ್ತಿಯವರು ಅವಳಿಂದ ಕುದುರೆಯನ್ನೇ ಆಡಿಸಿ ಗೆದ್ದಿದ್ದರು. ಆ ಸಿಟ್ಟು ಅವಳ ಹೊಟ್ಟೆಯಲ್ಲಿ ವರ್ಷವಿಡೀ ಉರಿದಿತ್ತು.

ಮೂವತ್ತೊಂದನೆಯ ನಡೆಯಲ್ಲಿ ಕೋಮಲಾ ಒಂದು ಕಾಲಾಳನ್ನು ಬೇಕೆಂದೇ ಕಾವಲಿಲ್ಲದೆ ಬಿಟ್ಟಳು. ರುದ್ರಮೂರ್ತಿಯವರು ಆನೆಯಿಂದ ಹೊಡೆಯಲೆಂದು ಗಬಕ್ಕನೆ ಅದನ್ನು ಎತ್ತಿದರು. ಬೇರೆ ಯಾವ ಕಾಯಿಗೂ ಅದು ಎಟುಕುತ್ತಿರಲಿಲ್ಲ. ಆಗ ಕಂಡಿತು: ಆನೆ ಕೊನೆಯ ಸಾಲು ಬಿಟ್ಟರೆ ರಾಜನನ್ನು ಕಾಯುವವರಿಲ್ಲ. ಕಾಲಾಳನ್ನು ಮೆಲ್ಲಗೆ ಇದ್ದಲ್ಲೇ ಇಟ್ಟರು.

"ವಾರೆ ನಿಂತಿತ್ತು. ಸರಿ ಇಟ್ಟೆ ಅಷ್ಟೆ."

"ಹೊಡೀರಿ ರುದ್ರಣ್ಣ," ಎಂದಳು ಕೋಮಲಾ.

ತೀರ್ಪುಗಾರ ಶಿವಕುಮಾರ್ ಮೇಷ್ಟ್ರು ಕನ್ನಡಕ ತೆಗೆದು ಒರೆಸತೊಡಗಿದರು. "ಹೋಗ್ಲಿ ಬಿಡಮ್ಮ, ಹಿರೀರು..."

"ಹೋದ್ ವರ್ಷಾನೂ ನೀವೇ ಕೂತಿದ್ರಲ್ಲ ಮೇಷ್ಟ್ರೇ. ಆಗ್ಯಾಕೆ ಹೋಗ್ಲಿ ಅನ್ಲಿಲ್ಲ?"

ರುದ್ರಮೂರ್ತಿಯವರ ಮುಖ ಕೆಂಪಾಯಿತು. "ಜಾಗ ನಂದು ಕಣೇ. ನಾಳೆಯಿಂದ ಎಲ್ಲಾಡ್ತೀಯ?"

"ರೈಲ್ವೆ ಸ್ಟೇಷನ್ ಬೆಂಚಿನ್ ಮೇಲೆ ಆಡ್ತೀನಿ. ಈಗ ಹೊಡೀರಿ."

ಅವಳು ಕೈ ಕಟ್ಟಿ ಕೂತಳು. ನಡೆ ರುದ್ರಮೂರ್ತಿಯವರದು, ಓಡುತ್ತಿದ್ದುದು ಅವರ ಪಾಲಿನ ಗಡಿಯಾರ. ಉಳಿದಿದ್ದ ಏಳು ನಿಮಿಷ ಎರಡಕ್ಕಿಳಿಯಿತು. ಅವಳು ಕಣ್ಣು ಕೆಳಗಿಳಿಸಲಿಲ್ಲ. ಕೊನೆಗೆ ಮೇಷ್ಟ್ರು ಕನ್ನಡಕ ಏರಿಸಿ, ನೆಲ ನೋಡುತ್ತಲೇ ಅಂದರು: "ಮುಟ್ಟಿದೀರಿ ಯಜಮಾನ್ರೇ. ಹೊಡೀಬೇಕು."

ಆನೆ ಕಾಲಾಳನ್ನು ಹೊಡೆಯಿತು. ಅವಳ ಮಂತ್ರಿ ಸೀದಾ ಕೊನೆಯ ಸಾಲಿಗೆ ನುಗ್ಗಿತು. ಚೆಕ್‌ಮೇಟ್.

ರುದ್ರಮೂರ್ತಿಯವರು ಕಾಯಿಗಳನ್ನು ಡಬ್ಬಿಗೆ ಸುರಿದು, ಬೋರ್ಡು ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಎದ್ದರು. "ನನ್ ಬೋರ್ಡು. ತಗೊಂಡ್ ಹೋಗ್ತೀನಿ."

"ನಿಮ್ದೇ ತಾನೇ ರುದ್ರಣ್ಣ, ತಗೊಂಡ್ ಹೋಗಿ." ಕೋಮಲಾ ಬಾಗಿಲಿಗೆ ಅಡ್ಡ ನಿಂತು ಫಲಿತಾಂಶದ ಚೀಟಿ, ಪೆನ್ನು ಚಾಚಿದಳು. "ಸೋತಿದ್ದಕ್ಕೆ ಒಂದು ಸೈನ್ ಹಾಕ್ಬಿಟ್ಟು ಹೋಗಿ."