ಹಸಿರು ಕೋಟಿಗೆ ಕೆಂಪು ದಾರ

ಹರಿದ ಬಟ್ಟೆಯನ್ನು ಗುರುತೇ ಸಿಗದಂತೆ ರಫು ಮಾಡುವುದರಲ್ಲಿ ಅವಳದು ಎತ್ತಿದ ಕೈ. ಅವಳ ಡಬ್ಬಿಯಲ್ಲಿದ್ದ ಮುನ್ನೂರು ದಾರದುಂಡೆಗಳಲ್ಲಿ ಒಂದಕ್ಕೂ ಚೀಟಿ ಇರಲಿಲ್ಲ. "ಚೀಟಿ ಓದಿ ಹೊಲಿಯೋರು ಹೊಲೀಲಿ, ನಂಗೆ ಕಣ್ಣಿದೆ" ಎನ್ನುವ ಜಂಭ ಬೇರೆ. ಪೊರೆ ತೆಗೆಸಿಕೊಂಡ ಮೇಲೂ ಸೂಜಿ ಪೋಣಿಸಲು ತಡಕಾಡುವ ಅತ್ತೆಯನ್ನು ದಿನಕ್ಕೊಮ್ಮೆಯಾದರೂ ಕೆಣಕದಿದ್ದರೆ ಅವಳಿಗೆ ತಿಂದದ್ದು ಅರಗುತ್ತಿರಲಿಲ್ಲ.

ಬಿಡದ ಕೆಮ್ಮು ಕ್ಷಯವೆಂದು ಗೊತ್ತಾಗಿ ಮಾತ್ರೆ ಶುರುವಾದ ದಿನ, ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದ್ದು ಕಂಡು ಬಚ್ಚಲಿನಿಂದಲೇ ಕಿರುಚಿ, ಆಸ್ಪತ್ರೆಗೆ ಓಡಿದ್ದಳು. "ಮಾತ್ರೆಯ ಬಣ್ಣ ಅದು, ಮಾಮೂಲು. ಬೆವರು, ಕಣ್ಣೀರೂ ಹಾಗೇ ಆಗಬಹುದು" ಎಂದು ನರ್ಸ್ ನಕ್ಕಿದ್ದಳು. ಹೊಟ್ಟೆ ತೊಳೆಸಿದರೆ ತುಸು ತಿಂದು ನುಂಗಿ, ಕೀಲು ನೋವು ಬಂದರೆ ಬಂದು ಕೇಳಿ ಎಂದೂ ಹೇಳಿದ್ದಳು. "ಆದ್ರೆ ಕಣ್ಣಲ್ಲಿ ಏನೇ ವ್ಯತ್ಯಾಸ ಆದ್ರೂ ಅವತ್ತೇ ಬನ್ನಿ."

ಕಣ್ಣನ್ನು ಅವಳು ಪರೀಕ್ಷಿಸುತ್ತಿದ್ದುದು ಸೂಜಿಯಿಂದ. ಮೂರನೇ ತಿಂಗಳಲ್ಲೂ ದಾರ ಒಂದೇ ಏಟಿಗೆ ತೂರುತ್ತಿತ್ತು. ಅಲ್ಲಿಗೆ ಕಣ್ಣು ಸರಿಯಿದೆ ಎಂದಾಯಿತು. ಬಣ್ಣಗಳು ಮಾಸಿದಂತೆ ಕಂಡಾಗ ಟ್ಯೂಬ್‌ಲೈಟನ್ನು ಬೈದಳು, ಬದಲಾಯಿಸಿದಳು. ಕಿಟಕಿಯ ಬಳಿ ಕೂತಳು, ಮೆಟ್ಟಿಲಿಗೆ ಹೋದಳು, ಮತ್ತೆ ಒಳಗೆ ಬಂದಳು. ಕೂತಲ್ಲಿ ಕೂರಲಾಗಲಿಲ್ಲ.

ಒಂದು ಸಂಜೆ, ಅವಳಿಗೆ ರಫು ಕೆಲಸ ಕಳಿಸುವ ಅಂಗಡಿಯ ಟೈಲರ್ ಮಾಸ್ತರ ಬಂದು, ಅವಳು ರಫು ಮಾಡಿಕೊಟ್ಟಿದ್ದ ಹಸಿರು ಕೋಟೊಂದನ್ನು ಮೇಜಿನ ಮೇಲೆ ಹರಡಿದ. "ಏನಮ್ಮಾ ಇದು? ಮೊಣಕೈಗೆ ಗಾಯ ಆದ ಹಾಗಿದೆ. ಹಸಿರು ಬಟ್ಟೆಗೆ ಯಾರಾದ್ರೂ ಇಟ್ಟಿಗೆಗೆಂಪು ದಾರ ಹಾಕ್ತಾರಾ?"

ಅವಳು ಬಗ್ಗಿ ನೋಡಿದಳು. ರಫು ಎಲ್ಲಿದೆ ಎಂದೇ ಕಾಣಲಿಲ್ಲ. ಸರಿಯಾಗೇ ಇದೆಯಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದು ನಿಂತಿತು.

ಮರುದಿನ ಬೆಳಿಗ್ಗೆ ಮಾತ್ರೆಗಳು ಅಂಗೈಯಲ್ಲೇ ಉಳಿದವು. ನುಂಗಿದರೆ ಕಣ್ಣು ಹೋದೀತು, ಬಿಟ್ಟರೆ ಜೀವ. ಎದ್ದಳು, ಕೂತಳು, ಮತ್ತೆ ಎದ್ದಳು.

"ಏನೇ ಅದು, ಕಾಲಿಗೆ ಚಕ್ರ ಕಟ್ಕೊಂಡಿದೀಯಾ?" ಎಂದರು ಅತ್ತೆ.

ಅವಳು ಒಂದು ಉಂಡೆ ಚಾಚಿದಳು. "ಇದ್ಯಾವ ಬಣ್ಣ ಅತ್ತೆ?"

"ಹಸಿರು. ಯಾಕೆ?"

"ನಂಗೆ ಗೊತ್ತಾಗ್ತಿಲ್ಲ."

ಹಳೆಯ ಲೆಕ್ಕ ತೀರಿಸಲು ಅತ್ತೆಗೆ ಅದಕ್ಕಿಂತ ಒಳ್ಳೆಯ ಸಮಯ ಸಿಗುತ್ತಿರಲಿಲ್ಲ. ಅವರು ಚಪ್ಪಲಿ ಮೆಟ್ಟಿದರು. "ನಡಿ ಆಸ್ಪತ್ರೆಗೆ. ಮಾತ್ರೆ ಡಾಕ್ಟರ್‌ನ ಕೇಳಿ ನುಂಗುವಂತೆ."

ಡಾಕ್ಟರು ಬಣ್ಣದ ಚುಕ್ಕೆಗಳ ಪುಸ್ತಕ ತೆರೆದು ಅಂಕಿ ಓದಿಸಿದರು. ಆರು ಪುಟಗಳಲ್ಲಿ ಅವಳಿಗೆ ಕಂಡದ್ದು ಒಂದೇ ಅಂಕಿ. "ಕಣ್ಣಿಗೆ ತೊಂದರೆ ಕೊಡ್ತಿರೋದು ಇದೊಂದು ಮಾತ್ರೆ, ಇವತ್ತಿಂದ ಬೇಡ. ಉಳಿದವನ್ನ ಒಂದು ದಿನಾನೂ ತಪ್ಪಿಸಬೇಡಿ."

"ಬಣ್ಣ ವಾಪಸ್ ಬರುತ್ತಾ?"

"ಬೇಗ ಬಂದಿದೀರಿ, ಬರಬಹುದು. ಮಾತು ಕೊಡೋಕಾಗಲ್ಲ."

ಕಪ್ಪು, ಬಿಳಿ ಬಟ್ಟೆ ಮಾತ್ರ ಕಳಿಸಿ ಎಂದು ಮಾಸ್ತರನಿಗೆ ಹೇಳಿದಳು. ಅತ್ತೆಯದು ಹೊಸ ಕಟ್ಟಳೆ: ದಿನಾ ಬೆಳಿಗ್ಗೆ ಮಾತ್ರೆಯಾದ ಮೇಲೆ ಒಂದು ಉಂಡೆ ಎತ್ತಿ ಬಣ್ಣ ಹೇಳುವರು, ಇವಳು ಚೀಟಿ ಬರೆದು ಅಂಟಿಸಬೇಕು. ಬರೆಯುವಾಗೆಲ್ಲ ಅವಳಿಗೆ ಅಳು ಬರುತ್ತಿತ್ತು, ಸಿಟ್ಟೂ ಬರುತ್ತಿತ್ತು. ಒಂದು ವಾರ, ಮೂರು ವಾರ, ಆರು ವಾರ.

ಏಳನೇ ವಾರ ಅತ್ತೆ ಒಂದು ಉಂಡೆ ಎತ್ತಿ, "ಎಲೆಹಸಿರು. ಬರ್ಕೋ" ಎಂದರು.

"ಕಣ್ಣು ಎಲ್ಲಿಟ್ಟಿದೀರಾ ಅತ್ತೆ? ಅಪ್ಪಟ ಇಟ್ಟಿಗೆಗೆಂಪು ಇದು!"

ಅಂದವಳ ಪೆನ್ನು ಅಲ್ಲೇ ನಿಂತಿತು.

ಅತ್ತೆ ಉಂಡೆಯನ್ನು ಮಡಿಲಿಗೆ ಹಾಕಿಕೊಂಡರು. "ಮೊದಲ್ನೇ ದಿನದಿಂದ ಸುಳ್ಳೇ ಹೇಳ್ತಿದೀನಿ ಕಣೆ. ಯಾವತ್ತು ಬೈತೀಯೋ ಅಂತ ಕಾಯ್ತಿದ್ದೆ."

ಅವಳು ಡಬ್ಬಿ ಸುರಿದಳು. ಕೆಂಪು ಉಂಡೆಯ ಮೇಲೆ ಹಸಿರು, ಹಸಿರಿನ ಮೇಲೆ ಕೆಂಪು, ಎಲ್ಲವೂ ಅವಳದೇ ಅಕ್ಷರ. ನಗುತ್ತ ಒಂದೊಂದೇ ಚೀಟಿ ಕಿತ್ತಳು, ನಡುವೆ ಅಳು ಬಂತು. ಕೈಗೆ ಸಿಕ್ಕ ಬಿಳಿ ಬಟ್ಟೆಯಲ್ಲಿ ಕಣ್ಣೊರೆಸಿಕೊಂಡಾಗ ಅದರ ಮೇಲೆ ತೆಳು ಕಿತ್ತಳೆಯ ಕಲೆ ಬಿತ್ತು. ಅದೂ ಕಂಡಿತು.