ಮೂವತ್ತು ಸಾವಿರದ ಮೂವತ್ತೊಂದು ಮರ

ಎಲ್ಲಿಂದ ಶುರು ಮಾಡಲಿ? ಮುದುಕ ಸತ್ತ ದಿನದಿಂದ ಶುರು ಮಾಡಿದರೆ ನೀವು ಅಳುತ್ತೀರಿ, ನನಗೆ ಅದು ಬೇಕಿಲ್ಲ. ಸಂಖ್ಯೆಯಿಂದ ಶುರು ಮಾಡಿದರೆ ಎದ್ದು ಹೋಗುತ್ತೀರಿ. ಹೋಗಿ. 30031.

1. ಓಂಡೊ ಊರಾಚೆಯ ತೋಟದಲ್ಲಿ ಅಷ್ಟು ಕೋಕೋ ಮರಗಳಿವೆ. ನೆಟ್ಟ ಮುದುಕನಿಗೆ ಮೂವರು ಹೆಂಡಿರು, ಏಳು ಮಕ್ಕಳು. ನಮ್ಮಲ್ಲಿ ಪಾಲು ಎರಡು ಬಗೆ: ತಾಯಂದಿರ ಲೆಕ್ಕದಲ್ಲಿ ಮೂರು, ಇಲ್ಲವೇ ತಲೆ ಲೆಕ್ಕದಲ್ಲಿ ಏಳು. ಕಿರಿಯ ಹೆಂಡತಿಯ ಒಬ್ಬಳೇ ಮಗಳು ಮೊರೆನಿಕೆಗೆ ಮೊದಲನೆಯದು ಬೇಕು. ಹಿರಿಯವಳ ಐವರು ಗಂಡುಮಕ್ಕಳಿಗೆ, ಅವರ ಮುಂದಾಳು ಸುಂಕನ್ಮಿಗೆ, ಎರಡನೆಯದು. (ಬೇಡವೆನ್ನುತ್ತಾರೆಯೆ!) ಪಾಲು ಹಂಚಬೇಕಾದ ಕುಟುಂಬದ ಯಜಮಾನರೂ ಅವನ ಕಡೆಗೇ. ತಲೆ ಲೆಕ್ಕವಾದರೆ ಮೊರೆನಿಕೆ ದುಡಿಯುವ ಇಳಿಜಾರು, ಮಲಗುವ ಮನೆ, ಎರಡೂ ಸುಂಕನ್ಮಿಯ ಪಾಲಿಗೆ.

ಅದಕ್ಕೇ ಕತೆ ಬರೆಯುವ ನಾನು ಈ ಸಂಖ್ಯೆ ಇಟ್ಟೆ. ಎರಡು, ಮೂರು, ಐದು, ಏಳು, ಹನ್ನೊಂದು, ಹದಿಮೂರು ಎಲ್ಲ ಗುಣಿಸಿ ಒಂದು ಕೂಡಿಸಿದೆ. ಇವುಗಳಲ್ಲಿ ಯಾವುದರಿಂದ ಭಾಗಿಸಿದರೂ ಒಂದು ಮರ ಉಳಿಯುತ್ತದೆ. (ನಂಬದಿದ್ದರೆ ಭಾಗಿಸಿ ನೋಡಿ, ನಿಮಗೇನು ಕೈಯಿಲ್ಲವೆ?) ಆ ಒಂದನ್ನು ಇನ್ನೊಬ್ಬರಿಗೆ ಬಿಟ್ಟುಕೊಡುವ ಜನ ಈ ವಂಶದಲ್ಲಿಲ್ಲ. ಸಮಪಾಲಾಗದೆ ಯಜಮಾನರು ಪಾಲಿಗೆ ಕೈ ಹಾಕುವುದಿಲ್ಲ. ಅಲ್ಲಿಯತನಕ ಮನೆ ಮೊರೆನಿಕೆಯದು.

2. (ಹರಿದು ಹಾಕಿದ ಡ್ರಾಫ್ಟ್.) ಸುಂಕನ್ಮಿ ಬಂದು ನನ್ನ ಕೊರಳಪಟ್ಟಿ ಹಿಡಿದ.

"ಏನೋ, ಯಾವುದರಿಂದಲೂ ಒಡೆಯಲ್ಲ ಅಂತ ಬೀಗ್ತಿದ್ದೆಯಲ್ಲ? ಐವತ್ತೊಂಬತ್ತರಿಂದ ಒಡೀತದೆ. ತಲೆಗೆ ಐನೂರ ಒಂಬತ್ತು!"

"ಹಂಗಾದ್ರೆ ಐವತ್ತೊಂಬತ್ತು ಮಕ್ಕಳನ್ನ ತಾ."

ತಂದ! ಸಾವಿನ ಊಟಕ್ಕೆ ಕೂತು ಗೆಣಸಿನ ಮುದ್ದೆ ನುಂಗುತ್ತಿದ್ದ ಐವತ್ತೆರಡು ಮಂದಿ ಎದ್ದು "ಅಪ್ಪಾ" ಎಂದು ಗೋಳಾಡಿದರು. ಅವರಲ್ಲೊಬ್ಬ ಮುದುಕನಿಗಿಂತ ಹಿರಿಯ.

"ಥೂ, ನಮ್ಮಪ್ಪನ ಮಾನ ಕಳೀಬೇಡ. ಅಳಿಸು," ಎಂದಳು ಮೊರೆನಿಕೆ. ಅಳಿಸಿದೆ.

3. ಈ ಸಲ ಸುಂಕನ್ಮಿ ಕತ್ತಿ ಹಿಡಿದೇ ತೋಟಕ್ಕೆ ಬಂದ. "ಒಂದು ಮರ ಕಡಿದ್ರೆ ಮುಗೀತು. 30030. ಏಳಕ್ಕೆ ಸರಿಯಾಗಿ ಹೋಗುತ್ತೆ."

ಹೋಗುತ್ತದೆ. ಗಣಿತ ಯಾವಾಗಲೂ ಕತ್ತಿಯಿದ್ದವನ ಪರ. ಹಾಳಾಗಲಿ.

"ಅಣ್ಣ, ನೀನು ಒಂದು ಕಡಿ, ನಾನು ಒಂದು ನೆಡ್ತೀನಿ," ಎಂದಳು ಮೊರೆನಿಕೆ.

"ನೆಡಮ್ಮ ತಂಗಿ. ಅದು ಮರ ಆಗೋಷ್ಟರಲ್ಲಿ ನೀನು ಮನೆ ಖಾಲಿ ಮಾಡಿರ್ತೀಯ."

ಕತ್ತಿ ಎತ್ತಿದ.

ಮುಕ್ತಾಯ (ಕ): ಕೊಂಬೆ ಮುರಿದು ಅವನ ತಲೆಗೇ ಬಿತ್ತು. ಅಗ್ಗದ ಸಿನಿಮಾ. (ಖ): ಯಜಮಾನರ ಮನಸ್ಸು ಕರಗಿತು. ನಂಬುವವರು ಕೈಯೆತ್ತಿ. ಯಾರೂ ಇಲ್ಲವೆ? (ಗ): ಕತ್ತಿ ಇಳಿಯಿತು. ನಡೆಯುವುದು ಇದೇ. ಬರೆಯಲು ಹೊರಟೆ.

ಮೊರೆನಿಕೆ ನನ್ನ ಮಣಿಕಟ್ಟು ಹಿಡಿದಳು. "ಕತ್ತಿ ಈಗ ಮೇಲಿದೆಯಲ್ಲ? ಅಲ್ಲೇ ಇರಲಿ. ನೀನು ಬರೀದೆ ಅದು ಹೆಂಗೆ ಇಳಿಯುತ್ತೆ?"

"ಓದುಗರು ಬೈತಾರಕ್ಕಾ."

"ಅವರ ಮನೆ ಹೋಗ್ತಿದೆಯಾ?"

ಬುಟ್ಟಿ ಎತ್ತಿಕೊಂಡು, ಅಣ್ಣನ ತೋಳಿನ ಕೆಳಗೇ ನುಸುಳಿ, ಕಾಯಿ ಕೀಳಲು ಹೋದಳು.

"ಲೋ, ಕೈ ಸೋಲ್ತಾ ಇದೆ ಕಣೋ," ಎಂದ ಸುಂಕನ್ಮಿ. "ಅತ್ಲಾಗಾದ್ರೂ ಇತ್ಲಾಗಾದ್ರೂ ಮುಗಿಸೋ!"

ನಾನು ಪೆನ್ನಿಗೆ ಮುಚ್ಚಳ ಹಾಕಿದೆ.