ಜಡ್ಜ್ ಸಾಹೇಬರ ಆಕ್ಷೇಪಣೆ

ವಗ್ದಿ ಸಾಹೇಬರು ತಮ್ಮ ಅಜ್ಜಿಯ ಹೆಸರೊಂದನ್ನು ಹೇಳಿದ್ದರೆ ನನ್ನ ಡಾಕ್ಟರೇಟ್ ಪ್ರಬಂಧ ಹೋದ ವರ್ಷವೇ ಮುಗಿಯುತ್ತಿತ್ತು. ಹೇಳಲಿಲ್ಲ. ಹದಿನಾಲ್ಕು ತಿಂಗಳಲ್ಲಿ ಕೈರೋದ ಹಿಲ್ಮಿಯಾ ಬಡಾವಣೆಯಲ್ಲಿರುವ ಅವರ ಮನೆಯ ನಾಲ್ಕು ಮಹಡಿಯನ್ನು ಇಪ್ಪತ್ತೆರಡು ಸಲ ಹತ್ತಿದ್ದೇನೆ, ಪಾಕದಂಥ ಚಹಾ ಕುಡಿದಿದ್ದೇನೆ, ಪ್ರತಿ ಸಲವೂ ಅದೇ ಉತ್ತರ ಕೇಳಿ ಇಳಿದಿದ್ದೇನೆ.

“ಜಡ್ಜ್ ಸಾಹೇಬರ ಮನೆಯವರು ಅಂತ ಬರ್ಕೊಳಮ್ಮಾ. ಸಾಲ್ದಾ?”

“ಮನೆಯವರಿಗೆ ಒಂದು ಹೆಸರು ಅಂತ ಇತ್ತಲ್ಲ ಸಾಹೇಬ್ರೇ?”

“ಇತ್ತು. ಮನೆ ಒಳಗಿತ್ತು.”

ನೀರು ಸರಬರಾಜು ಇಲಾಖೆಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದ ಮನುಷ್ಯ. ಇಡೀ ಕೈರೋದ ಯಾವ ಗಲ್ಲಿಯಲ್ಲಿ ಯಾವ ಕೊಳವೆ ಒಡೆದಿದೆ ಎಂದು ನಿದ್ದೆಯಲ್ಲೂ ಹೇಳುತ್ತಾರೆ. ಅಜ್ಜಿಯ ಹೆಸರು ಮಾತ್ರ ಬಾಯಿಂದ ಹೊರಡದು. ನಮ್ಮ ಗಂಡಸರೇ ಹಾಗೆ. ಅಮ್ಮನ ಹೆಸರು ಗೆಳೆಯರಿಗೆ ಗೊತ್ತಾದರೆ ಮಾನ ಹೋಯಿತು ಎಂದು ಶಾಲೆಯಲ್ಲೇ ಹೊಡೆದಾಡಿದವರು. ನನ್ನ ತಮ್ಮನೂ ಹೊಡೆದಾಡಿ ಹಲ್ಲು ಮುರಿದುಕೊಂಡಿದ್ದ.

ವಗ್ದಿಯವರ ಆ ಅಜ್ಜಿ ಎಪ್ಪತ್ತೆಂಟು ವರ್ಷದ ಹಿಂದೆ, ೧೯೧೪ರಲ್ಲಿ, ‘ಮಾಳಿಗೆ ಮೇಲಿನ ಯಜಮಾನ’ ಎಂಬ ನಾಟಕ ಕಟ್ಟಿದಳು. ಗಂಡ ಎರಡನೆಯವಳನ್ನು ಕಟ್ಟಿಕೊಂಡು ಬರುತ್ತಾನೆ. ಸವತಿಯರಿಬ್ಬರೂ ಕಿತ್ತಾಡುವ ಬದಲು ಒಂದಾಗುತ್ತಾರೆ, ಪಾರಿವಾಳಕ್ಕೆ ಕಾಳು ಹಾಕಲು ಮಾಳಿಗೆ ಹತ್ತಿದವನನ್ನು ಅಲ್ಲೇ ಬಿಟ್ಟು ಬಾಗಿಲಿಗೆ ಅಗಳಿ ಹಾಕುತ್ತಾರೆ. ಅವನು ಮೂರು ಅಂಕ ಪೂರ್ತಿ ಅಂಗಲಾಚಿದರೂ ಬಾಗಿಲು ತೆರೆಯುವುದಿಲ್ಲ. ನಾಟಕ ಒಂಬತ್ತು ಪ್ರದರ್ಶನ ಕಂಡಿತು. ಕರಪತ್ರದಲ್ಲಿ ಬರೆದವರ ಹೆಸರಿನ ಜಾಗದಲ್ಲಿ ‘ಒಬ್ಬ ಗೃಹಿಣಿ’ ಎಂದಷ್ಟೇ ಇತ್ತು.

ನಾಟಕ ಚರಿತ್ರೆಯ ಪಂಡಿತ ಡಾಕ್ಟರ್ ಶೌಕತ್ ಅವರಿಗೆ ಅಷ್ಟೇ ಸಾಕಾಯಿತು. ನಾಟಕ ಕಂಪನಿಗೆ ಹಸ್ತಪ್ರತಿ ಕಳಿಸಿದ್ದು ಅವಳ ಗಂಡ ಜಡ್ಜ್, ಆದ್ದರಿಂದ ಬರೆದದ್ದೂ ಜಡ್ಜ್, ಗೃಹಿಣಿ ಎಂಬುದು ತಮಾಷೆಗೆ ಇಟ್ಟ ಗುಪ್ತನಾಮ ಎಂದು ಇಪ್ಪತ್ತು ವರ್ಷದ ಹಿಂದೆಯೇ ದಪ್ಪ ಪುಸ್ತಕ ಬರೆದು ಮುಗಿಸಿದ್ದರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ. ನನ್ನ ದುರದೃಷ್ಟಕ್ಕೆ ಪರೀಕ್ಷಕರಲ್ಲಿ ಅವರೂ ಒಬ್ಬರು. ನನ್ನ ಕರಡು ಓದಿ ಕರೆಸಿಕೊಂಡರು.

“ರಾವ್ಯಾ, ವಗ್ದಿ ಕೊಟ್ಟ ಹಸ್ತಪ್ರತಿ ಜೆರಾಕ್ಸನ್ನ ನೀನೇ ಹಿಂದೆ ಲಗತ್ತಿಸಿದ್ದೀಯಲ್ಲಮ್ಮಾ. ಯಾರ ಕೈಬರಹ ಅದು?”

“ಜಡ್ಜ್ ಅವರದು, ಡಾಕ್ಟರ್. ಆದ್ರೆ...”

“ಅಂಗೈ ಹುಣ್ಣಿಗೆ ಕನ್ನಡಿ ಯಾಕೆ? ಕಾನೂನು ಓದಿದ ತಲೆ ಕಟ್ಟಿರೋ ನಾಟಕ ಇದು. ಅಡುಗೆಮನೆಯಿಂದ ಇಂಥದ್ದು ಬರುತ್ತಾ? ಹೆಸರೇ ಗೊತ್ತಿಲ್ಲದೋಳಿಗೆ ನಾಟಕಕಾರ್ತಿ ಅಂತ ಪಟ್ಟ ಕಟ್ತೀಯ. ಸಾಕ್ಷಿ ತಾ, ಇಲ್ಲಾಂದ್ರೆ ವಿಷಯ ಬದಲಾಯಿಸು.”

ನನಗಿದ್ದ ಗಡುವು ಆರು ವಾರ. ಬದಲಾಯಿಸುವುದೆಂದರೆ ಐದು ವರ್ಷವನ್ನು ನೈಲ್ ನದಿಗೆ ಎಸೆದಂತೆ.

ಆ ಸಿಟ್ಟಿನಲ್ಲೇ ಇಪ್ಪತ್ಮೂರನೆಯ ಸಲ ಮೆಟ್ಟಿಲು ಹತ್ತಿದೆ. ವಗ್ದಿ ನಮಾಜಿಗೆ ಹೋಗಿದ್ದರು. ಅವರ ತಾಯಿ ರತೀಬಾ ಹಾನಿಂ ಸೋಫಾದ ಮೇಲೆ ಕಾಲು ಚಾಚಿ ಕುಳಿತು ಮುಲೂಖಿಯಾ ಸೊಪ್ಪು ಬಿಡಿಸುತ್ತಿದ್ದರು. ಎಂಬತ್ತಾರು ವರ್ಷ, ಮಂಡಿ ಮಡಚದು, ನಾಲಿಗೆ ಮಾತ್ರ ಚೂಪು. ಅಷ್ಟು ಸಲ ಹೋಗಿದ್ದರೂ ಮಗ ನನ್ನನ್ನು ಹಜಾರ ದಾಟಿಸಿರಲಿಲ್ಲ. ಸೊಪ್ಪಿನ ಕಂತೆಯೊಂದನ್ನು ನನ್ನ ಮಡಿಲಿಗೆ ಹಾಕಿದರು. ಬಿಡಿಸುತ್ತಾ ನನ್ನ ಗೋಳನ್ನೆಲ್ಲ ತೋಡಿಕೊಂಡೆ.

“ಕೈಬರಹ ಅಪ್ಪಂದೇ ಕಣೇ,” ಎಂದರು. “ಅಮ್ಮಂಗೆ ಬರೆಯೋಕೆ ಎಲ್ಲಿ ಬರ್ತಿತ್ತು?”

ಸೊಪ್ಪು ಬಿಡಿಸುವುದನ್ನು ಬಿಟ್ಟೆ. “ಓದು ಬರಹ ಇರಲಿಲ್ವಾ?”

“ಓದು ಇತ್ತು. ಬರಹ ಇರಲಿಲ್ಲ. ನಮ್ಮ ತಾತ ತಮ್ಮ ಹೆಣ್ಣುಮಕ್ಕಳಿಗೆ ಓದೋದು ಮಾತ್ರ ಕಲಿಸಿದ್ರು. ಬರೆಯೋಕೆ ಕಲಿತ್ರೆ ಹುಡುಗರಿಗೆ ಕಾಗದ ಬರೀತಾರಂತೆ! ಅಮ್ಮ ಇಡೀ ಕೋಣೆ ಸುತ್ತುತ್ತಾ, ಒಬ್ಬೊಬ್ಬರ ದನೀಲೂ ಆಡಿ ತೋರಿಸ್ತಾ ಹೇಳೋಳು. ಅಪ್ಪ ಬರ್ಕೊಳ್ಳೋರು. ಕೋರ್ಟಲ್ಲಿ ಗುಮಾಸ್ತನ ಕೈಲಿ ಬರೆಸೋ ಮನುಷ್ಯ, ಮನೇಲಿ ತಾನೇ ಗುಮಾಸ್ತ. ಕಣ್ಣಾರೆ ಕಂಡಿದ್ದೀನಿ ನಾನು, ಎಂಟು ವರ್ಷ ಆಗ. ಒಪ್ಪಿಗೆ ಆಗದೇ ಇದ್ರೆ ಪಕ್ಕದಲ್ಲಿ ಬರೆದಿಡೋರು.”

“ಪಕ್ಕದಲ್ಲಿ ಅಂದ್ರೆ?”

“ಅಯ್ಯೋ, ಅಂಚಲ್ಲಿ. ಆ ಬೀರು ತೆಗಿ.”

ಹಸಿರು ಬಟ್ಟೆಯ ರಟ್ಟಿನ ಪುಸ್ತಕ. ಮೂಲವನ್ನು ನಾನು ನೋಡಿದ್ದು ಅದೇ ಮೊದಲು. ನನ್ನ ಪ್ರತಿಯಲ್ಲಿ ಬಿಳಿ ಪಟ್ಟಿ ಇದ್ದ ಕಡೆಯೆಲ್ಲ ಇಲ್ಲಿ ಕೆಂಪು ಶಾಯಿಯ ಸಣ್ಣ ಅಕ್ಷರ.

‘ಗಂಡನಿಗೆ ಕಂಬಳಿಯನ್ನಾದರೂ ಕೊಡಿಸು ಎಂದೆ. ಬಹೀಗಾ ಒಪ್ಪಲಿಲ್ಲ. ನನ್ನ ಆಕ್ಷೇಪಣೆಯನ್ನು ದಾಖಲಿಸಿದ್ದೇನೆ.’

ಕೊನೆಯ ಪುಟದಲ್ಲಿ: ‘ಬಾಗಿಲು ತೆಗೆಯಲಿ ಎಂದೆ. ನೀವು ಬರೆಯಿರಿ, ತೀರ್ಪು ಕೊಡಬೇಡಿ ಎಂದಳು ಬಹೀಗಾ. ಬರೆದೆ.’

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅಷ್ಟರಲ್ಲಿ ವಗ್ದಿ ಒಳಗೆ ಬಂದರು. ನನ್ನ ಕೈಯಲ್ಲಿದ್ದ ಪುಸ್ತಕ ನೋಡಿ ಮುಖ ಕಪ್ಪಿಟ್ಟಿತು. ಕಸಿದುಕೊಂಡರು.

“ಅದರ ಅಂಚನ್ನ ಏನು ಮಾಡಿದ್ರಿ ನೀವು?” ಎಂದು ಕೇಳಿದೆ.

“ಮುಚ್ಚಿದೆ. ಎಂಬತ್ತು ಪುಟಕ್ಕೂ ಒಂದೊಂದೇ ಬಿಳಿ ಕಾಗದ ಇಟ್ಟು ಮುಚ್ಚಿದೆ. ಜೆರಾಕ್ಸ್ ಅಂಗಡೀಲಿ ದಾರಿಹೋಕರೆಲ್ಲ ನಿಂತಿರ್ತಾರೆ, ನಮ್ಮನೆ ಹೆಂಗಸಿನ ಹೆಸರು ಓದ್ಲಿ ಅಂತೀಯಾ?”

ಹದಿನಾಲ್ಕು ತಿಂಗಳು! ಇಡೀ ಸಾಕ್ಷಿಯನ್ನು ಮರ್ಯಾದೆಯ ಹೆಸರಿನಲ್ಲಿ ಮುಚ್ಚಿ, ಮೇಲೊಂದು ಚಹಾ ಕೊಟ್ಟು ಕಳಿಸಿದ್ದರು. ಆ ಕ್ಷಣ ಅವರ ಕತ್ತು ಹಿಸುಕಬೇಕೆನಿಸಿತು. ನನ್ನ ಬದಲು ಅವರ ತಾಯಿ ಬಾಯಿ ಬಿಟ್ಟರು.

“ಲೋ ವಗ್ದಿ, ನನ್ನ ಹೆತ್ತೋಳ ಹೆಸರು ನಿನಗೆ ಬೈಗುಳ ಆಯ್ತೇನೋ? ಕೊಡೋ ಪುಸ್ತಕಾನ.”

“ಕೊಡಲ್ಲಮ್ಮ. ನಾನೇ ತಗೊಂಡು ಹೋಗಿ ತೋರಿಸ್ತೀನಿ. ಆದ್ರೆ ಆ ಗಂಡಸರ ಮಧ್ಯೆ ಹೆಸರು ಎತ್ಕೂಡದು.” ನನ್ನ ಕಡೆ ತಿರುಗಿದರು. “ನೀನೂ ಅಷ್ಟೇ. ಮಾತು ಕೊಡು.”

ಕೊಟ್ಟೆ. ಹೆಣ್ಣಿನ ಬಿಡುಗಡೆಯ ಬಗ್ಗೆ ನಾನೂರು ಪುಟ ಬರೆದವಳು, ಆ ಹೆಣ್ಣಿನ ಹೆಸರು ಎತ್ತುವುದಿಲ್ಲ ಎಂದು ಮಾತು ಕೊಟ್ಟೆ. ನನ್ನ ಮೇಲೇ ನನಗೆ ಹೇಸಿಗೆಯಾಯಿತು.

ಮೌಖಿಕ ಪರೀಕ್ಷೆಯ ದಿನ ಸಭಾಂಗಣ ತುಂಬಿತ್ತು. ನಮ್ಮಲ್ಲಿ ಅದೊಂದು ಮದುವೆ ಇದ್ದ ಹಾಗೆ. ಅಮ್ಮ ಎರಡು ತಟ್ಟೆ ಬಸ್ಬೂಸಾ ಸಿಹಿ ಮಾಡಿಕೊಂಡು ಬಂದಿದ್ದಳು, ಬಂಧುಗಳೆಲ್ಲ ನನ್ನ ಮಾತು ಬಿಟ್ಟು ಅದನ್ನೇ ನೋಡುತ್ತಿದ್ದರು. ವಗ್ದಿ ಮದುವೆಯ ಕೋಟು ತೊಟ್ಟು ಮೊದಲ ಸಾಲಿನಲ್ಲಿ, ಪುಸ್ತಕವನ್ನು ಎದೆಗೆ ಅವಚಿಕೊಂಡು ಕುಳಿತಿದ್ದರು.

ಡಾಕ್ಟರ್ ಶೌಕತ್ ಪುಸ್ತಕ ಇಸಿದುಕೊಂಡು ಅಂಚುಗಳನ್ನು ಕನ್ನಡಕ ಏರಿಸಿ ಓದಿದರು. ಮತ್ತೆ ಓದಿದರು. ಸೋಲೊಪ್ಪಲು ಅವರಿಗೇನು ಹುಚ್ಚೇ!

“ಯಾರೋ ಒಬ್ಬಳು ಹೇಳಿದ್ದಾಳೆ, ಜಡ್ಜ್ ಬರೆದಿದ್ದಾರೆ, ಸರಿ. ಇಲ್ಲೊಂದು ಹೆಂಗಸಿನ ಹೆಸರಿದೆ. ಅದು ಅವರ ಹೆಂಡತೀದೇ ಅಂತ ಏನು ಖಾತ್ರಿ?”

“ಮಗಳ ಹೇಳಿಕೆ ಇದೆ, ಡಾಕ್ಟರ್.”

“ಎಂಬತ್ತಾರು ವರ್ಷದ ಮುದುಕಿ ಹೇಳಿಕೆ.” ಸಭಿಕರ ಕಡೆ ನೋಡಿ ಮೀಸೆಯಲ್ಲೇ ನಕ್ಕರು. “ಆ ಕಾಲದ ದೊಡ್ಡ ಮನುಷ್ಯರು ನಮಗೆ ಗೊತ್ತಿಲ್ವಾ? ಸಂಜೆ ಹಾಡೋಕೆ ಅಂತ ಬರ್ತಿದ್ದೋರೂ ಇರ್ತಿದ್ರು. ನಾಟಕದೋರ ಸಹವಾಸ ಬೇರೆ!”

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಹೆಸರು ನನ್ನ ಬಾಯಿಗೆ ಬಂದಿತ್ತು, ಕೊಟ್ಟ ಮಾತು ನಾಲಿಗೆ ಹಿಡಿಯಿತು. ವಗ್ದಿ ಕಡೆ ನೋಡಿದೆ. ಅವರು ಎದ್ದು ನಿಂತಿದ್ದರು. ಸಭಿಕರು ಮಾತಾಡುವಂತಿಲ್ಲ ಎಂದು ವಿಭಾಗದ ಗುಮಾಸ್ತ ಗದರಿದ. ಅವರಿಗೆ ಕೇಳಿಸಲೇ ಇಲ್ಲ.

“ಬಹೀಗಾ!” ಎಂದರು. “ಹಾಡೋಳಲ್ಲ. ನಿಕಾಹ್ ಆದ ಹೆಂಡತಿ. ನನ್ನ ಅಮ್ಮನ ಅಮ್ಮ. ನಾಟಕ ಅವಳದೇ. ಬಹೀಗಾ ಅವಳ ಹೆಸರು. ಇನ್ನೂ ಜೋರಾಗಿ ಹೇಳ್ಬೇಕಾ?”

ಸತ್ತವರ ಹೆಸರು ಕಿವಿಗೆ ಬಿದ್ದರೆ ನಮ್ಮವರ ಬಾಯಿ ಯಾರ ಅಪ್ಪಣೆಗೂ ಕಾಯುವುದಿಲ್ಲ. ನೂರು ಜನ ಒಟ್ಟಿಗೆ ಗುನುಗಿದರು: “ದೇವರು ಅವಳನ್ನ ಕರುಣಿಸಲಿ.” ನನ್ನ ಅಮ್ಮ, ಗದರಿದ ಗುಮಾಸ್ತ, ಕಿಸಕ್ಕೆಂದವನು, ಎಲ್ಲರೂ. ಡಾಕ್ಟರ್ ಶೌಕತ್ ಅವರ ತುಟಿಯೂ ಅಲುಗಿತು, ಆಮೇಲೆ ಸಹಿ ಹಾಕಲು ಪೆನ್ನು ಕೈಗೆತ್ತಿಕೊಂಡರು.

ವಗ್ದಿ ಕುಳಿತುಕೊಂಡು ಕೋಟಿನ ತೋಳಿನಿಂದ ಮುಖ ಒರೆಸಿಕೊಂಡರು. ಅವಳು ಸತ್ತು ಎಪ್ಪತ್ತೊಂದು ವರ್ಷವಾಗಿತ್ತು. ಅವಳ ಸಾವಿನ ಪ್ರಕಟಣೆಯಲ್ಲೂ ‘ಜಡ್ಜ್ ಸಾಹೇಬರ ಮನೆಯವರು’ ಎಂದೇ ಇತ್ತು.